ಔಷಧೀಯ ಸೊಪ್ಪು ಒಣಗಿಸಲು ಎಷ್ಟು ಶಾಖ ಬೇಕು?

ತುಳಸಿ, ಪುದೀನದಂತಹ ಹಸಿ ಎಲೆಗಳಲ್ಲಿ ಸುಮಾರು ಶೇ 80ರಷ್ಟು ನೀರಿರುತ್ತದೆ. ಅದು ಬೇಗ ಹೊರಹೋಗದಿದ್ದರೆ ಎಲೆಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಅಪಾಯಕಾರಿ. ಕಷಾಯ ಕುದಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಹಾಗೆಂದು ವಿಪರೀತ ಬಿಸಿ ಮಾಡಿದರೆ ಸುಗಂಧ ತೈಲವೇ ಆವಿಯಾಗಿ, ಎಲೆಯಲ್ಲಿ ಗುಣ ಉಳಿಯುವುದಿಲ್ಲ.

ವಿದ್ಯುತ್ ಎಷ್ಟು ಬೇಕು?

10 ಕೆಜಿ ಹಸಿ ಎಲೆಯನ್ನು ಶೇ 10ರ ತೇವಾಂಶಕ್ಕೆ ಇಳಿಸಿದರೆ ಉಳಿಯುವುದು ಸುಮಾರು 2.2 ಕೆಜಿ. ಅಂದರೆ 7.8 ಲೀಟರ್ ನೀರು ಆವಿಯಾಗಬೇಕು. ಒಂದು ಲೀಟರಿಗೆ ಸುಮಾರು 0.67 ಯುನಿಟ್ ಶಕ್ತಿ ಬೇಕು. ಒಟ್ಟು 5 ಯುನಿಟ್‌ಗೂ ಹೆಚ್ಚು. ಸಾಮಾನ್ಯ ಹೀಟರ್ ಡ್ರೈಯರ್‌ನಲ್ಲಿ ಬಿಸಿಗಾಳಿ ಹೊರಗೆ ಹೋಗುವುದರಿಂದ ಖರ್ಚು ಇನ್ನೂ ಏರುತ್ತದೆ. ಮೊದಲೇ ನೆರಳಿನಲ್ಲಿ ತೆಳುವಾಗಿ ಹರಡಿ 3 ಲೀಟರ್ ನೀರು ಕಳೆದರೆ ಕನಿಷ್ಠ 2 ಯುನಿಟ್ ಉಳಿಯುತ್ತದೆ.

ಗಾಳಿಯ ಪಾತ್ರವೇನು?

ನೀರನ್ನು ಹೊತ್ತೊಯ್ಯುವುದು ಗಾಳಿ. ಹೈದರಾಬಾದಿನ ಏಪ್ರಿಲ್-ಮೇ ತಿಂಗಳ ಒಣ ಹವೆಯಲ್ಲಿ ನೆರಳು ಮತ್ತು ಫ್ಯಾನ್ ಸಾಕಾಗಬಹುದು. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುತ್ತದೆ. ಆದರೆ 25 ಡಿಗ್ರಿಯಲ್ಲಿ ಶೇ 80 ಆರ್ದ್ರತೆಯಿರುವ ಗಾಳಿಯನ್ನು 40 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಸುಮಾರು ಶೇ 35ಕ್ಕೆ ಇಳಿಯುತ್ತದೆ. ಆದ್ದರಿಂದ ಸುಗಂಧದ ಎಲೆಗಳಿಗೆ ಮಳೆಗಾಲದಲ್ಲೂ 40 ಡಿಗ್ರಿಯ ಆಸುಪಾಸು ಸಾಕು.

ಯಾವ ವಿಧಾನ ಯಾರಿಗೆ?

ಸೋಲಾರ್ ಡ್ರೈಯರ್: ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿಲಿನಿಂದ ಕಾದ ಗಾಳಿ ಜಾಲರಿ ತಟ್ಟೆಗಳ ನಡುವೆ ಹಾಯುತ್ತದೆ. ದೂಳು, ನೊಣ ಸೇರುವುದಿಲ್ಲ. ಹೈದರಾಬಾದಿನ 'ಸೀಡ್' ಸಂಸ್ಥೆ (ಸೊಸೈಟಿ ಫಾರ್ ಎನರ್ಜಿ, ಎನ್ವಿರಾನ್‌ಮೆಂಟ್ ಅಂಡ್ ಡೆವಲಪ್‌ಮೆಂಟ್) ಇಂತಹ ಡ್ರೈಯರ್‌ಗಳನ್ನು ರೂಪಿಸಿದೆ. ರೈತ ಗುಂಪುಗಳಿಗೆ ಇದು ಅನುಕೂಲ.

ಹೀಟ್ ಪಂಪ್ ಡ್ರೈಯರ್: ಫ್ರಿಜ್‌ನ ತತ್ತ್ವದಲ್ಲೇ ತೇವದ ಗಾಳಿಯನ್ನು ತಣಿಸಿ ನೀರು ಹಿಂಡುತ್ತದೆ, ಆಗ ಸಿಗುವ ಶಾಖವನ್ನೇ ಮತ್ತೆ ಬಳಸುತ್ತದೆ. ಬೆಲೆ ಹೆಚ್ಚು. ವರ್ಷವಿಡೀ ಕೆಲಸವಿರುವ ಘಟಕಗಳಿಗೆ ಸೂಕ್ತ.

ಅಶ್ವಗಂಧದಂತಹ ಬೇರುಗಳಲ್ಲಿ ಆವಿಯಾಗುವ ತೈಲದ ಚಿಂತೆ ಕಡಿಮೆ. ಕೊಯ್ಲೂ ಸಾಮಾನ್ಯವಾಗಿ ಮಳೆಯಿಲ್ಲದ ದಿನಗಳಲ್ಲೇ ಬರುವುದರಿಂದ, ತೊಳೆದು ತುಂಡು ಮಾಡಿ ಬಿಸಿಲಿನಲ್ಲಿ ಒಣಗಿಸಬಹುದು.

ಹೈದರಾಬಾದಿನ ಬೋಡುಪ್ಪಲ್‌ನಲ್ಲಿ ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯ (ಸಿಮ್ಯಾಪ್) ಸಂಶೋಧನಾ ಕೇಂದ್ರವಿದೆ. ದೊಡ್ಡ ಪ್ರಮಾಣದಲ್ಲಿ ಬೆಳೆಯುವವರು ಯಂತ್ರ ಕೊಳ್ಳುವ ಮುನ್ನ ಅಲ್ಲಿ ವಿಚಾರಿಸುವುದು ಒಳ್ಳೆಯದು.

ಮನೆಯಲ್ಲಿ ಒಣಗಿಸುವಾಗ

• ಸೊಪ್ಪು ತೊಳೆದು ನೀರು ಪೂರ್ತಿ ಸೋರಲು ಬಿಡಿ. ದಪ್ಪ ಕಾಂಡ ಬೇರ್ಪಡಿಸಿ.
• ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದೇ ಪದರವಾಗಿ ಹರಡಿ.
• ಎಲೆ ಕೈಯಲ್ಲಿ ಪುಡಿಯಾದರೆ, ಕಡ್ಡಿ ಬಾಗದೆ ಪಟಕ್ಕನೆ ಮುರಿದರೆ ನಿಲ್ಲಿಸಿ. ಮುಂದೆ ಒಣಗಿಸುವುದು ವ್ಯರ್ಥ.
• ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ, ದಿನಾಂಕ ಬರೆಯಿರಿ.
• ಬೂಷ್ಟು ಅಥವಾ ಮುಗ್ಗಲು ವಾಸನೆ ಕಂಡರೆ ಪೂರ್ತಿ ಎಸೆಯಿರಿ. ಮತ್ತೆ ಬಿಸಿಲಿಗಿಟ್ಟು ಬಳಸಬೇಡಿ.