ಟೋಪಿ ಕದ್ದ ಮೀನು: ಮಾತಿನ ಸುಳ್ಳು, ಚಿತ್ರದ ಸತ್ಯ

ಬಾಲಸಾಹಿತ್ಯವೆಂದೊಡನೆ ನೀತಿಬೋಧೆಯೇ ಅದರ ಪರಮಪ್ರಯೋಜನವೆಂದು ಭಾವಿಸುವುದು ವಾಡಿಕೆ. ಕಥಾಂತ್ಯದಲ್ಲಿ ನೀತಿಯನ್ನು ಬಿಡಿಸಿ ಹೇಳದಿದ್ದರೆ ಮಗುವಿಗೆ ಅದು ತಿಳಿಯದೆಂಬ ಶಂಕೆ ಹಿರಿಯರನ್ನು ಬಿಡದು. ಈ ಶಂಕೆ ಎಷ್ಟು ಸಾಧುವೆಂಬುದನ್ನು ವಿಚಾರಿಸಲು, ಕೆನಡಾ ಮೂಲದ ಚಿತ್ರಕಾರ ಜಾನ್ ಕ್ಲಾಸೆನ್ ರಚಿಸಿದ ‘ದಿಸ್ ಈಸ್ ನಾಟ್ ಮೈ ಹ್ಯಾಟ್’ ಎಂಬ ಚಿತ್ರಪುಸ್ತಕವು ಉತ್ತಮ ನಿದರ್ಶನವಾಗಿದೆ. ‘ಇದು ನನ್ನ ಟೋಪಿಯಲ್ಲ’ ಎಂಬುದು ಆ ಹೆಸರಿನ ಅರ್ಥ. 2012ರಲ್ಲಿ ಪ್ರಕಟವಾದ ಈ ಕೃತಿಯು 2013ರಲ್ಲಿ ಅಮೆರಿಕದ ಕ್ಯಾಲ್ಡೆಕಾಟ್ ಪದಕವನ್ನೂ 2014ರಲ್ಲಿ ಬ್ರಿಟನ್ನಿನ ಕೇಟ್ ಗ್ರೀನವೇ ಪದಕವನ್ನೂ ಪಡೆಯಿತು. ಎರಡೂ ಅದರ ಚಿತ್ರಗಳಿಗಾಗಿ ಸಂದ ಗೌರವಗಳು.

ಕಥಾವಸ್ತು ಅತ್ಯಲ್ಪವಾದುದು. ಪುಟ್ಟ ಮೀನೊಂದು, ಮಲಗಿದ್ದ ದೊಡ್ಡ ಮೀನಿನ ಚಿಕ್ಕ ಟೋಪಿಯನ್ನು ಅಪಹರಿಸಿ, ಒತ್ತಾಗಿ ಬೆಳೆದ ಜಲಸಸ್ಯಗಳ ಮರೆಯನ್ನು ಅರಸಿ ಹೊರಟಿದೆ. ಕಥೆಯನ್ನು ಹೇಳುವುದೂ ಆ ಕಳ್ಳಮೀನೇ. ದೊಡ್ಡ ಮೀನು ಬೇಗ ಏಳಲಾರದೆಂದು ಅದು ನುಡಿಯುತ್ತದೆ. ಚಿತ್ರದಲ್ಲಿ ದೊಡ್ಡ ಮೀನಿನ ಕಣ್ಣು ತೆರೆದಿದೆ. ಎದ್ದರೂ ಟೋಪಿ ಹೋದದ್ದು ಅದಕ್ಕೆ ತಿಳಿಯದೆನ್ನುತ್ತದೆ. ಚಿತ್ರದಲ್ಲಿ ಆ ಕಣ್ಣು ಬರಿದಾದ ತಲೆಯತ್ತ ಹೊರಳಿದೆ. ದಾರಿಯಲ್ಲಿ ಕಂಡ ಏಡಿಯು ಯಾರಿಗೂ ಹೇಳೆನೆಂದಿದೆಯೆಂಬ ಭರವಸೆ ಬೇರೆ. ಚಿತ್ರದಲ್ಲಿ ಏಡಿಯು ಕಳ್ಳ ಹೋದ ದಿಕ್ಕನ್ನು ತೋರಿಸಿಕೊಡುತ್ತಿದೆ. ಕನ್ನಡದಲ್ಲಿ ವಂಚಿಸುವುದಕ್ಕೆ ‘ಟೋಪಿ ಹಾಕು’ ಎಂಬ ನುಡಿಗಟ್ಟಿದೆ. ಇಲ್ಲಿ ಟೋಪಿ ಕದ್ದ ಮೀನು ಟೋಪಿ ಹಾಕಿದ್ದು ತನಗೆ ತಾನೇ.

ಭರತಮುನಿಯು ಹಾಸ್ಯರಸದ ವಿಭಾವಗಳಲ್ಲಿ ವಿಕೃತವಾದ ವೇಷಾಲಂಕಾರ, ಧಾರ್ಷ್ಟ್ಯ, ಲೌಲ್ಯ ಮೊದಲಾದುವನ್ನು ಎಣಿಸಿದ್ದಾನೆ. ಮೀನಿನ ತಲೆಯ ಮೇಲೆ ಟೋಪಿಯೆಂಬುದೇ ವಿಕೃತವೇಷ. ಪರರ ಸೊತ್ತಿಗೆ ಆಸೆಪಡುವುದು ಲೌಲ್ಯ. ಕದ್ದುದನ್ನು ಒಪ್ಪಿಕೊಂಡೂ ಹಿಂದಿರುಗಿಸೆನೆಂಬುದು ಧಾರ್ಷ್ಟ್ಯ. ಕಳ್ಳತನ ತಪ್ಪೆಂದು ಆ ಮೀನು ಬಲ್ಲುದು. ಆದರೂ ಟೋಪಿಯು ದೊಡ್ಡ ಮೀನಿಗೆ ಚಿಕ್ಕದಾಗಿತ್ತು, ತನಗೆ ಸರಿಹೊಂದುತ್ತದೆ ಎಂಬ ಸಮಾಧಾನವನ್ನು ಹುಡುಕಿಕೊಳ್ಳುತ್ತದೆ. ಅರಿಯದೆ ತಪ್ಪುವುದಕ್ಕಿಂತ, ಅರಿತೂ ನೆಪವೊಡ್ಡಿ ತಪ್ಪುವುದೇ ಲೋಕದಲ್ಲಿ ಹೆಚ್ಚಲ್ಲವೆ?

ಕೊನೆಯ ಪುಟಗಳಲ್ಲಿ ಮಾತೇ ಇಲ್ಲ. ಪುಟ್ಟ ಮೀನು ಸಸ್ಯಗಳೊಳಗೆ ಮರೆಯಾಗುತ್ತದೆ. ದೊಡ್ಡ ಮೀನೂ ಹಿಂಬಾಲಿಸುತ್ತದೆ. ಬಳಿಕ ದೊಡ್ಡ ಮೀನೊಂದೇ ಟೋಪಿ ಧರಿಸಿ ಹೊರಬರುತ್ತದೆ. ಕಳ್ಳನ ಗತಿಯೇನಾಯಿತೆಂದು ಗ್ರಂಥಕರ್ತೃ ಹೇಳುವುದಿಲ್ಲ. ಹೇಳದೆ ಹೊಳೆಯಿಸುವ ಈ ಬಗೆಯನ್ನೇ ಆನಂದವರ್ಧನನು ಧ್ವನಿಯೆಂದು ಕರೆದು ಕಾವ್ಯದ ಆತ್ಮವೆಂದು ಸಾರಿದನು.

ಕಳ್ಳನ ಬಾಯಿಂದ ಕಥೆ ಹೇಳಿಸುವುದು ಮಕ್ಕಳಿಗೆ ಹಿತವೇ ಎಂಬ ಆಕ್ಷೇಪವು ಸಹಜವೇ. ಆದರೆ ಇಲ್ಲಿ ಮಗುವು ಕಳ್ಳನ ಪಕ್ಷವನ್ನು ವಹಿಸುವುದಿಲ್ಲ; ನ್ಯಾಯಾಧೀಶನ ಪೀಠದಲ್ಲಿ ಕುಳಿತಿರುತ್ತದೆ. ಅಕ್ಷರವರಿಯದ ಮಗುವೂ ಚಿತ್ರವನ್ನು ಓದಿ, ಕಥೆ ಹೇಳುವವನಿಗಿಂತ ಹೆಚ್ಚು ತಿಳಿದು ನಗುತ್ತದೆ. ಆಡಿದ ಮಾತನ್ನು ಕಂಡ ಸಂಗತಿಯೊಡನೆ ಒರೆಗೆ ಹಚ್ಚುವ ವಿವೇಕವು ಆ ನಗೆಯಲ್ಲಿಯೇ ಮೊಳೆಯುತ್ತದೆ.

ಆದುದರಿಂದ ಇಂತಹ ಪುಸ್ತಕವನ್ನು ತರಗತಿಯಲ್ಲಿ ಓದಿಹೇಳುವ ಅಧ್ಯಾಪಕರು ಚಿತ್ರವನ್ನು ಮಕ್ಕಳತ್ತ ತಿರುಗಿಸಿ, ಮಾತನ್ನಷ್ಟೇ ಓದಿ, ತುಸು ಮೌನವಾಗಿರುವುದು ಲೇಸು. ‘ಇಲ್ಲ, ಅದು ಎಚ್ಚರವಾಗಿದೆ!’ ಎಂದು ಮಗುವೇ ಕೂಗಿ ಹೇಳಲಿ. ತಾನೇ ಕಂಡುಕೊಂಡ ನೀತಿಯು ಬಾಯಿಪಾಠದ ನೀತಿಗಿಂತ ಬಹುಕಾಲ ಬಾಳುವುದು.