ಹಳೆಯ ಸ್ಪೋರ್ಟ್ಸ್ ಕಾರಿನ ಬೆಲೆ ಕುಸಿಯುವುದೇಕೆ?

ಹತ್ತಿ, ತೊಗರಿ ವ್ಯವಹಾರದಲ್ಲಿ ಬಾಕಿ ನಿಂತಾಗ ನಗದಿನ ಬದಲು ವಾಹನವನ್ನೇ ಪಡೆದು ಲೆಕ್ಕ ಚುಕ್ತಾ ಮಾಡಿಕೊಳ್ಳುವುದುಂಟು. ಬೊಲೆರೊ ಅಥವಾ ಟ್ರ್ಯಾಕ್ಟರ್ ಆದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಗಿರಾಕಿ ದೊರೆಯುವುದು ಕಷ್ಟವಲ್ಲ. ಹತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರಾದರೆ ಬಾಕಿಯ ಒಂದು ಪಾಲು ಅಲ್ಲಿಯೇ ಮುಳುಗುವ ಸಂಭವವಿದೆ.

ಎಂಜಿನ್ ಸವೆತವೊಂದೇ ಇದಕ್ಕೆ ಕಾರಣವಲ್ಲ. ಇಂಥ ಕಾರುಗಳು ಅನೇಕ ವೇಳೆ ಓಡಿರುವುದೇ ಕಡಿಮೆ. ಕೆಟ್ಟರೆ ಬಿಡಿಭಾಗ ಸಿಗುವುದೇ, ಬಲ್ಲ ಮೆಕ್ಯಾನಿಕ್ ಇದ್ದಾನೆಯೇ ಎಂಬ ಖರೀದಿದಾರನ ಅನುಮಾನವೇ ಬೆಲೆಯನ್ನು ಇಳಿಸುತ್ತದೆ. ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ಎರಡು ಆಸನದ 'ಸ್ಟಾರ್ಮ್' ಕಾರಿಗೆ ರೆನೋ ಎಂಜಿನ್ ಇತ್ತು. ಮಾರಾಟವಾದದ್ದು ಕೆಲವೇ ಕಾರುಗಳಾದ್ದರಿಂದ ಬಿಡಿಭಾಗಗಳ ಮಾರುಕಟ್ಟೆ ಬೆಳೆಯಲಿಲ್ಲ. ಇದಕ್ಕೆ ವಿರುದ್ಧವಾಗಿ, 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100 ಬೈಕು ಇಂದಿಗೂ ತನ್ನ ಮೂಲ ಬೆಲೆಗಿಂತ ಹೆಚ್ಚಿಗೆ ಬಿಕರಿಯಾಗುತ್ತದೆ. ಅದನ್ನು ಬಿಚ್ಚಿ ಜೋಡಿಸಬಲ್ಲವರು ಸಣ್ಣ ಊರುಗಳಲ್ಲಿಯೂ ಇದ್ದಾರೆ.

ಸರ್ಕಾರಿ ಶುಲ್ಕಗಳ ಹೊರೆಯೂ ಇದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಆಮದು ಕಾರಾದರೆ 40,000 ರೂಪಾಯಿ ನಿಗದಿಯಾಯಿತು. 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟ್‌ನಲ್ಲಿ ಇದು ಕ್ರಮವಾಗಿ 10,000 ಮತ್ತು 80,000 ರೂಪಾಯಿಗೆ ಏರಿತು. ಗುರುಮಠಕಲ್ ದಾಟಿದರೆ ತೆಲಂಗಾಣ. ಹೈದರಾಬಾದಿನಲ್ಲಿ ಕಾರು ಅಗ್ಗವೆಂದು ತರುವವರು ನಿರಾಕ್ಷೇಪಣಾ ಪತ್ರದೊಂದಿಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಲೆಕ್ಕ ಹಾಕಬೇಕು. ವಯಸ್ಸಿಗೆ ತಕ್ಕ ಇಳಿಕೆ ಇದ್ದರೂ ಈ ತೆರಿಗೆಗೆ ಆಧಾರ ಕಾರು ಹೊಸದಾಗಿದ್ದಾಗಿನ ಬೆಲೆಯೇ ಹೊರತು ಕೈಬದಲಾದ ಬೆಲೆಯಲ್ಲ. ಹಳೆಯ ದುಬಾರಿ ಕಾರಿಗೆ ಇದು ದೊಡ್ಡ ಪೆಟ್ಟು.

ಹೊಸ ಕಾರು ಅಗ್ಗವಾದರೆ ಹಳೆಯದೂ ಇಳಿಯುತ್ತದೆ. ದೊಡ್ಡ ಕಾರುಗಳ ಮೇಲೆ ಇದ್ದ ಶೇ. 28 ಜಿಎಸ್‌ಟಿ ಮತ್ತು ಪರಿಹಾರ ಸೆಸ್ ಬದಲಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40ರ ಒಂದೇ ದರ ಬಂದಿತು. ಮನೆಯಲ್ಲಿ ನಿಲ್ಲಿಸಿಟ್ಟ ಕಾರಿನ ಬೆಲೆಯೂ ಇದರಿಂದ ತಗ್ಗಿತು.

ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 15 ಸವಕಳಿ ದೊರೆಯುತ್ತದೆ. 20 ಲಕ್ಷ ರೂಪಾಯಿಯ ಕಾರು ಐದು ವರ್ಷಕ್ಕೆ ಪುಸ್ತಕದಲ್ಲಿ ಸುಮಾರು 8.87 ಲಕ್ಷಕ್ಕೆ ಇಳಿಯುತ್ತದೆ. ಸ್ಪೋರ್ಟ್ಸ್ ಕಾರಿನ ಪೇಟೆ ಬೆಲೆ ಅದಕ್ಕಿಂತಲೂ ಕೆಳಗಿರಬಹುದು. ಸವಕಳಿ ಪಡೆದ ನೋಂದಾಯಿತ ವ್ಯಾಪಾರಿಯು ಆ ಕಾರನ್ನು 6 ಲಕ್ಷಕ್ಕೆ ಮಾರಿದರೆ ಲಾಭಾಂಶವಿಲ್ಲದ ಕಾರಣ ಜಿಎಸ್‌ಟಿ ಬರುವುದಿಲ್ಲ. ಪುಸ್ತಕದ ಬೆಲೆಗಿಂತ ಹೆಚ್ಚಿಗೆ ಮಾರಿದರೆ, ಹೆಚ್ಚುವರಿ ಮೊತ್ತಕ್ಕೆ ಮಾತ್ರ ಶೇ. 18 ತೆರಬೇಕಾಗುತ್ತದೆ.