ಆನೆ, ಅಸುರ, ಹುಲಿ... ಒಂದೇ ರಸ್ತೆಯಲ್ಲಿ ಮೂರು ದಸರಾ!

ಅಭಿಮಾನಿ ಮಿತ್ರರೇ, ನಿಮಗೊಂದು ಸವಾಲು!

ಟಿಕೆಟ್ಟಿಲ್ಲ, ಕುರ್ಚಿಯಿಲ್ಲ, ಫ್ಯಾನಿಲ್ಲ, ಇಂಟರ್‌ವಲ್ಲಂತೂ ಇಲ್ಲವೇ ಇಲ್ಲ. ಆದರೂ ಬೆಳಿಗ್ಗೆ ಬಂದು ಕೂತ ಜನ ಸಂಜೆಯವರೆಗೂ ಜಾಗ ಬಿಟ್ಟು ಕದಲೋದಿಲ್ಲ. ಅಲ್ಲಿ ಅಜ್ಜಿ ಇದ್ದಾರೆ, ಅಳೋ ಮಗು ಇದೆ, ಹೊಸದಾಗಿ ಮದುವೆಯಾದ ಜೋಡಿ ಇದೆ, ನಿಮ್ಮ-ನನ್ನಂಥ ಶಿಳ್ಳೆ ವೀರರೂ ಇದ್ದಾರೆ. ಯಾವ ಸೂಪರ್‌ಸ್ಟಾರ್ ಚಿತ್ರಕ್ಕೆ ಸ್ವಾಮಿ ಇಂಥ ಹೌಸ್‌ಫುಲ್?

ಸೋತಿರಾ? ಉತ್ತರ: ದಸರಾ!

ಮಳೆ ಹಿಂದೆ ಸರಿದು, ಆಕಾಶ ತೊಳೆದಿಟ್ಟ ಹಾಗೆ ಆಗೋ ಆಶ್ವಯುಜ ಮಾಸ. ಮಕ್ಕಳಿಗೆ ರಜ. ಮನೆಮಂದಿಯೆಲ್ಲ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಬರೋ ಕಾಲ. ನಮ್ಮ ನಾಡಿನಲ್ಲಿ ಒಂದು ರಸ್ತೆ ಇದೆ ನೋಡಿ, ರಾಷ್ಟ್ರೀಯ ಹೆದ್ದಾರಿ 275. ಬೆಂಗಳೂರು ಬಿಟ್ಟು ಮೈಸೂರು, ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರು ದಾಟಿ ಬಂಟ್ವಾಳ ಸೇರುತ್ತೆ. ಅಲ್ಲಿಂದ ಮಂಗಳೂರು ಹತ್ತಿರವೇ. ಈ ಒಂದೇ ದಾರಿಯಲ್ಲಿ ಮೂರು ದಸರಾ! ಒಂದರಲ್ಲಿ ಆನೆ ಹೀರೋ, ಇನ್ನೊಂದರಲ್ಲಿ ಅಸುರ ವಿಲನ್, ಮತ್ತೊಂದರಲ್ಲಿ ಹುಲಿಯದೇ ಡ್ಯಾನ್ಸ್!

ಮೂರೂ ಕಡೆ ದೊಡ್ಡ ಮೆರವಣಿಗೆ ವಿಜಯದಶಮಿಯ ಆಸುಪಾಸಿಗೇ ಬರೋದರಿಂದ ಒಂದೇ ವರ್ಷ ಎಲ್ಲ ನೋಡ್ತೀನಿ ಅಂದ್ರೆ ಬಸ್ಸಿನಲ್ಲೇ ದಸರಾ ಮುಗಿದುಹೋಗುತ್ತೆ. ಅದಕ್ಕೇ 2022ರಲ್ಲಿ ಮೈಸೂರು, 2023ರಲ್ಲಿ ಮಡಿಕೇರಿ, 2024ರಲ್ಲಿ ಮಂಗಳೂರು ಅಂತ ಕಂತಿನ ಮೇಲೆ ನೋಡಿ ಬಂದೆ. ಜೊತೆಯಲ್ಲಿ ಅಮ್ಮ, ಅಕ್ಕ, ಅಕ್ಕನ ಪುಟ್ಟ ಮಗಳು.

ನನಗೊಂದು ಗುಟ್ಟು ತಿಳಿಯಬೇಕಿತ್ತು. ಅಮ್ಮನನ್ನು ಸಿನಿಮಾಕ್ಕೆ ಕರೆದರೆ ಸಾಕು, "ಬೇಡಪ್ಪಾ, ಅಲ್ಲಿ ಹುಡುಗರ ಗಲಾಟೆ" ಅಂತಾಳೆ. ಥಿಯೇಟರಿನ ನಾನೂರು ಜನಕ್ಕೆ ಹೆದರೋ ಹೆಂಗಸು ದಸರಾದ ಲಕ್ಷ ಜನಕ್ಕೆ ಯಾಕೆ ಹೆದರೋಲ್ಲ?

ಮೈಸೂರು: ಬೆನ್ನ ಮೇಲೆ 750 ಕಿಲೋ!

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ಹಬ್ಬ ಇದು. ಆಗ ರಾಜರ ದಸರಾ, ಈಗ ನಾಡಹಬ್ಬ. ಒಂದು ಕಾಲಕ್ಕೆ ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದರು. ಈಗ ತಾಯಿ ಚಾಮುಂಡೇಶ್ವರಿ. ಅಂಬಾರಿಯ ತೂಕವೇ ಸುಮಾರು 750 ಕಿಲೋ. ಅದನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯಬೇಕು. ನಮ್ಮ ಯಾವ ಸಾಹಸಸಿಂಹನಿಗೂ ಬೇಡ ಈ ಸ್ಟಂಟು!

ಅದಕ್ಕೆ ರಿಹರ್ಸಲ್ಲೂ ಜೋರು. ಕಾಡಿನ ಶಿಬಿರಗಳಿಂದ ಬಂದ ಆನೆಗಳಿಗೆ ವಾರಗಟ್ಟಲೆ ಮರಳಿನ ಮೂಟೆ ಹೊರಿಸಿ ನಡೆಸುತ್ತಾರೆ. ಫಿರಂಗಿಯ ಸದ್ದಿಗೆ ಬೆಚ್ಚಬಾರದು ಅಂತ ಮೊದಲೇ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಆನೆಗಳಲ್ಲೂ ಸ್ಟಾರುಗಳಿದ್ದಾರೆ ಸ್ವಾಮಿ! 18 ಸಲ ಅಂಬಾರಿ ಹೊತ್ತ ದ್ರೋಣ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯಲ್ಲೂ ಕಾಣಿಸಿಕೊಂಡಿದ್ದ. ಬಲರಾಮ 14 ಸಲ, ಅರ್ಜುನ 8 ಸಲ ಹೊತ್ತರು. 2020ರಲ್ಲಿ ಆ ಭಾರ ಅಭಿಮನ್ಯುವಿನ ಬೆನ್ನಿಗೆ ಬಂತು. ಅದೇ ಅಭಿಮನ್ಯು ಅದಕ್ಕೂ ಮೊದಲು ಅದೇ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡಿನ ಗಾಡಿ ಎಳೆಯುತ್ತಿದ್ದವನು. ಸೈಡ್ ಆಕ್ಟರ್ ಹೀರೋ ಆದ ಕಥೆ ಅಂದ್ರೆ ಇದೇ ಅಲ್ವೇ?

2020, 21ರಲ್ಲಿ ಕೊರೋನಾ ಕಾಟದಿಂದ ಜಂಬೂಸವಾರಿ ಅರಮನೆ ಆವರಣದಲ್ಲೇ ಮುಗಿದಿತ್ತು. ಹಾಗಾಗಿ 2022ರಲ್ಲಿ ಜನ ಬಂದರು ನೋಡಿ, ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಸೂಜಿ ಹಾಕಲೂ ಜಾಗವಿಲ್ಲ! ಅಮ್ಮ ಬೆಳಿಗ್ಗೆಯೇ ಹಳೇ ಸೀರೆ ಹಾಸಿ ಗಡಿ ಗುರುತು ಮಾಡಿದಳು. ಬುತ್ತಿಯಲ್ಲಿ ಚಿತ್ರಾನ್ನ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹಿಂದೆ ಕಾಲೇಜು ಹುಡುಗರ ದೊಡ್ಡ ಪಟಾಲಂ. ಶಿಳ್ಳೆ, ಕೂಗಾಟ, ತಮಾಷೆ. 'ಆಯ್ತು, ಇನ್ನು ಅಮ್ಮ ಎದ್ದಳು' ಅಂದುಕೊಂಡೆ. ಊಹೂಂ! ಆ ಹುಡುಗರೇ ಫುಟ್‌ಪಾತಿಗೆ ಕಾನೂನು ಮಾಡಿಬಿಟ್ಟರು. ಮುಂದಿನವರು ಕೂತೇ ಇರಬೇಕು, ಮಕ್ಕಳು ಹಗ್ಗದ ಹತ್ತಿರ, ಅಜ್ಜಿಯರು ಗೋಡೆ ಪಕ್ಕ. ಯಾರೋ ಒಬ್ಬ ಎದ್ದು ನಿಂತಿದ್ದೇ ತಡ, ಹಿಂದಿನಿಂದ ಇಪ್ಪತ್ತು ಗಂಟಲು, "ಕೂತ್ಕೊಳ್ಳಿ ಸಾರ್, ಹಿಂದೆ ಅಮ್ಮ ಇದ್ದಾರೆ!"

ಅಂಬಾರಿ ಬಂದಾಗ ನನ್ನ ಅಕ್ಕನ ಮಗಳು ಯಾವನೋ ಗುರುತಿಲ್ಲದ ಹುಡುಗನ ಹೆಗಲ ಮೇಲಿದ್ದಳು. ಅಮ್ಮನ ಎರಡು ಕೈ ಮುಗಿದಿತ್ತು, ಹುಡುಗರ ಶಿಳ್ಳೆ ಮುಗಿಲು ಮುಟ್ಟಿತ್ತು. ಎರಡಕ್ಕೂ ಜಗಳವೇ ಇಲ್ಲ!

ರಾತ್ರಿ ದೀಪಗಳ ಅರಮನೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಜನರ ಬಾಯಿಂದ ಬರೋ 'ಓ' ಇದೆಯಲ್ಲ, ಅದು ಯಾವ ಡಿಟಿಎಸ್‌ನಲ್ಲೂ ಸಿಗೋಲ್ಲ. ಆಮೇಲೆ ವಸ್ತುಪ್ರದರ್ಶನ. 1880ರಿಂದ ಬಂದ ಪದ್ಧತಿ ಅದು. ಜಯಂಟ್ ವೀಲು, ಮೆಣಸಿನಕಾಯಿ ಬಜ್ಜಿ, ತಟ್ಟೆಯಗಲದ ಡೆಲ್ಲಿ ಹಪ್ಪಳ. ಧ್ವನಿವರ್ಧಕದಲ್ಲಿ 1970ರ 'ಕರುಳಿನ ಕರೆ'ಯ ದಸರಾ ಹಾಡು. ಪುಟ್ಟಣ್ಣ ಕಣಗಾಲರ ಚಿತ್ರ, ಎಂ. ರಂಗರಾವ್ ಸಂಗೀತ, ಪಿ.ಬಿ. ಶ್ರೀನಿವಾಸ್ ಕಂಠ. ಅರ್ಧ ಶತಮಾನ ಕಳೆದರೂ ಆ ಹಾಡಿಲ್ಲದೆ ಮೈಸೂರಿಗೆ ದಸರಾ ಬರೋದೇ ಇಲ್ಲ!

ಮಡಿಕೇರಿ: ರಾತ್ರಿಯಿಡೀ ಅಸುರ ಸಂಹಾರ!

ಮೈಸೂರಿನಲ್ಲಿ ಹಗಲಿನ ಆಟವಾದರೆ ಮಡಿಕೇರಿಯದು ನೈಟ್ ಶೋ. ಸುಮಾರು 120 ಕಿಲೋಮೀಟರ್ ಬಸ್ಸು, ಆಮೇಲೆ ಘಾಟಿಯ ತಿರುವು, ಆಮೇಲೆ ಚಳಿ. 'ಮುಂಗಾರು ಮಳೆ'ಯಲ್ಲೂ 'ಗಾಳಿಪಟ'ದಲ್ಲೂ ನೀವು ಕಂಡು ಮರುಳಾದ ಮಂಜು ಇದೇ ಸೀಮೆಯದು.

ಅರಸರ ಕಾಲದಲ್ಲಿ ಊರಿಗೆ ರೋಗ ಬಂದಾಗ ಮಾರಿಯಮ್ಮನ ಮೊರೆಹೊಕ್ಕು ಹಬ್ಬ ಶುರುವಾಯಿತು ಅನ್ನೋದು ಇಲ್ಲಿಯವರ ನಂಬಿಕೆ. ನವರಾತ್ರಿ ಕಾಲಿಡುತ್ತಿದ್ದಂತೆ ನಾಲ್ಕು ಶಕ್ತಿದೇವತೆಗಳ ಕರಗ ಹೊರಟು ಮನೆಮನೆಯ ಮುಂದೆ ಬರುತ್ತೆ. ಕೊನೆಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ. ಅದಕ್ಕೇ ದಶಮಂಟಪ ಅಂತ ಹೆಸರು.

ಮಂಟಪ ಅಂದ್ರೆ ಹೂವಿನ ಪಲ್ಲಕ್ಕಿ ಅಂದುಕೊಂಡಿರಾ? ತಪ್ಪು ತಿಳೀಬೇಡಿ. ಟ್ರ್ಯಾಕ್ಟರ್ ಮೇಲೆ ಕಟ್ಟಿದ ಸಂಚಾರಿ ಸಿನಿಮಾ ಅದು! ಎರಡಾಳು ಎತ್ತರದ ದೇವರು, ಕಣ್ಣು ಕೆಂಡದಂಥ ರಾಕ್ಷಸ. ಕತ್ತಲು... ಹೊಗೆ... ಗುಡುಗು... ರಾಕ್ಷಸ ಎದ್ದು ನಿಲ್ಲುತ್ತಾನೆ, ಕೈ ಬೀಸುತ್ತಾನೆ, ದೇವಿಯ ತ್ರಿಶೂಲ ಸರ್ರನೆ ಬರುತ್ತೆ. ಖಳನ ಕಥೆ ಖತಂ! ಇದೆಲ್ಲ ನಡೆಸೋರು ಕೆಳಗೆ ಅಡಗಿರೋ ಊರಿನ ಹುಡುಗರು. ಮೋಟಾರು, ಕಬ್ಬಿಣ, ತಂತಿ, ಅವರ ತೋಳು. ತಿಂಗಳುಗಟ್ಟಲೆ ಚಂದಾ ಎತ್ತಿ, ಕೆಲಸ ಮುಗಿಸಿ ಬಂದು ರಾತ್ರಿ ನಿದ್ದೆಗೆಟ್ಟು ಕಟ್ಟಿದ್ದು. ಯಾವ ಮಂಟಪ ಮೇಲು ಅಂತ ತೀರ್ಪು, ಬಹುಮಾನ ಬೇರೆ. ಅದಕ್ಕೇ ಹತ್ತಕ್ಕೆ ಹತ್ತೂ ಪೈಪೋಟಿಗೆ ಬಿದ್ದಿರುತ್ತವೆ.

ಒಂದು ಮಂಟಪದ ಅಡಿಯಿಂದ ಗ್ರೀಸು ಮೆತ್ತಿದ ಕೈಯ ಹುಡುಗನೊಬ್ಬ ಉಸಿರು ತಗೊಳ್ಳೋಕೆ ಹೊರಬಂದ. "ಅಲ್ಲಪ್ಪಾ, ಕೆಳಗೆ ಕೂತರೆ ನಿನಗೇನೂ ಕಾಣೋಲ್ವಲ್ಲ?" ಅಂದೆ.

"ಕಾಣಲ್ಲಣ್ಣ. ಆ ಜಗಲಿ ಮೇಲೆ ನಮ್ಮಮ್ಮ ಕೂತಿದ್ದಾರೆ. ಅಸುರ ಬಿದ್ದಾಗ ಅವರು ಚಪ್ಪಾಳೆ ಹೊಡೀತಾರೆ. ನನಗೆ ಅದು ಕೇಳಿದ್ರೆ ಸಾಕು" ಅಂದವನೇ ಮತ್ತೆ ಒಳಗೆ ನುಸುಳಿದ.

ಮಿತ್ರರೇ, ಹೆಸರಿಲ್ಲ, ಕಟೌಟಿಲ್ಲ, ಹಾರವಿಲ್ಲ. ಟೈಟಲ್ ಕಾರ್ಡಿನಲ್ಲಿ ಬಾರದ ಇಂಥ ಹುಡುಗರು ಒಂದೊಂದು ಮಂಟಪದ ಕೆಳಗೂ ಇದ್ದಾರೆ. ನಾವು ನಿಂತಿದ್ದ ಮನೆಯಾಕೆ ಅಮ್ಮನನ್ನು ಜಗಲಿಗೆ ಕರೆದು, ಕಂಬಳಿ ಹೊದಿಸಿ, ಬಿಸಿ ಕಾಫಿ ಕೊಟ್ಟರು. ಮೂಡಣ ಬಿಳುಪೇರುವವರೆಗೂ ಅಮ್ಮ ಕಣ್ಣು ಮಿಟುಕಿಸಲಿಲ್ಲ. ಸಿನಿಮಾ ನೋಡ್ತಾ ನಿದ್ದೆ ಬರುತ್ತೆ ಅನ್ನೋಳು!

ಮಂಗಳೂರು: ಹುಲಿ ಮಂಡಿಯೂರಿತು!

ಘಟ್ಟ ಇಳಿದರೆ ಸೆಖೆ, ಸಮುದ್ರದ ಗಾಳಿ, ತಾಸೆಯ ಸದ್ದು. ಕುದ್ರೋಳಿ ಗೋಕರ್ಣನಾಥ ಕ್ಷೇತ್ರ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು. ದೇವಸ್ಥಾನದ ಬಾಗಿಲು ಮುಚ್ಚಿದ್ದ ಜನರಿಗೆ ತೆರೆದ ಬಾಗಿಲು ಅದು. 1991ರಲ್ಲಿ ನವೀಕರಣವಾದ ಮೇಲೆ ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ ಇಲ್ಲಿಯ ದಸರಾ ದೊಡ್ಡದಾಗಿ ಬೆಳೆಯಿತು. ನವದುರ್ಗೆಯರು, ಶಾರದೆ, ದೀಪದ ತೋರಣ, ರಾತ್ರಿಯಿಡೀ ಮೆರವಣಿಗೆ. 2013ರಲ್ಲಿ ಇದೇ ದೇವಸ್ಥಾನ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿತು. ಹಬ್ಬದ ದಿನ ಹಿಂದೆ ಸರಿದು ನಿಲ್ಲು ಅಂತ ಸಮಾಜ ಹೇಳಿದ್ದ ಹೆಣ್ಣುಮಕ್ಕಳಿಗೆ ಗರ್ಭಗುಡಿಯಲ್ಲೇ ಜಾಗ!

ಆದರೆ ಹುಡುಗರ ಎದೆ ಬಡಿಯೋದು ಹುಲಿವೇಷಕ್ಕೆ. ತುಳುವಿನಲ್ಲಿ ಪಿಲಿವೇಷ. 2014ರ 'ಉಳಿದವರು ಕಂಡಂತೆ', 2021ರ 'ಗರುಡ ಗಮನ ವೃಷಭ ವಾಹನ' ನೋಡಿದವರಿಗೆ ಹೇಳಬೇಕಾಗಿಲ್ಲ. ಪರದೆ ಮೇಲೆ ಎರಡು ನಿಮಿಷ ನೋಡಿ ನಾವು ಕುಣಿದದ್ದನ್ನ ಇಲ್ಲಿನ ಹುಡುಗರು ಬಿಸಿಲಲ್ಲಿ ದಿನವಿಡೀ ಕುಣಿಯುತ್ತಾರೆ. ಮೈಯೆಲ್ಲ ಬಣ್ಣ. ಅದು ಒಣಗೋವರೆಗೆ ಕೂರೋ ಹಾಗಿಲ್ಲ, ಮಲಗೋ ಹಾಗಿಲ್ಲ. ಅಡ್ಡಕಟ್ಟಿದ ಕೋಲಿಗೆ ಕೈ ಆನಿಸಿ ನಿಂತೇ ಇರಬೇಕು. ನಲವತ್ತು ಕಿಲೋ ಆಸುಪಾಸಿನ ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಎಸೆಯೋದಂತೂ ಡೂಪಿಲ್ಲದ ಫೈಟು. ಹಲವರಿಗೆ ಇದು ಹರಕೆ. ಯಾರಿಗೋ ಕಾಯಿಲೆ ವಾಸಿಯಾಗಲಿ ಅಂತ ಹೊತ್ತಿದ್ದು.

ಅಕ್ಕನ ಮಗಳು ಹುಲಿ ಕಂಡಿದ್ದೇ ಕಿಟಾರನೆ ಕಿರುಚಿ ಅಮ್ಮನ ಸೆರಗಿನೊಳಗೆ ಹೊಕ್ಕಳು. ತಾಸೆಯ ಪೆಟ್ಟಿಗೆ ಎಗರುತ್ತಿದ್ದ ಆ ದೈತ್ಯ ಹುಲಿ ತಟ್ಟನೆ ನಿಂತಿತು. ಮೆಲ್ಲಗೆ ಮಂಡಿಯೂರಿ, "ಹೆದರ್ಬೇಡ ಮಗಾ, ಮೈ ಬಣ್ಣ ಹಸಿ ಉಂಟು, ಬಾಲ ಮುಟ್ಟು" ಅಂದಿತು! ಅವಳು ಮುಟ್ಟಿದಳು, ನಕ್ಕಳು. ಮರುಕ್ಷಣ ಹುಲಿ ಹಾರಿತು, ನೆಲ ಅದುರಿತು.

ಗುಟ್ಟು ಇಷ್ಟೇ!

ಮೂರೂ ಊರಿನ ಗಲಾಟೆ ಥಿಯೇಟರಿನ ಗಲಾಟೆಗಿಂತ ಹತ್ತು ಪಟ್ಟು. ಆದರೂ ಅಮ್ಮ ಹೆದರಲಿಲ್ಲ. ಯಾಕೆಂದರೆ ಆ ಗಲಾಟೆಯ ನಡುವೆ ಅವಳಿಗೊಂದು ಜಾಗ ಇತ್ತು. ಆ ಜಾಗ ಬಿಟ್ಟುಕೊಟ್ಟವರು ಪೊಲೀಸರಲ್ಲ, ಸಮಿತಿಯವರಲ್ಲ... ನಮ್ಮ ವಯಸ್ಸಿನ ಹುಡುಗರು!

ಒಂದು ಕಾಲಕ್ಕೆ ದಸರಾ ನೋಡಿ, ಸಿನಿಮಾ ನೋಡಿ, ಆಮೇಲೆ ಊರಿನ ಬಸ್ಸು ಹತ್ತೋದೇ ಮನೆಮಂದಿಯ ಪ್ರವಾಸವಾಗಿತ್ತು. ಮೈಸೂರಿನ ಶಾಂತಲಾ ಚಿತ್ರಮಂದಿರ 2020ರಲ್ಲಿ ಬಾಗಿಲು ಹಾಕಿತು. ಒಂಟಿ ಪರದೆಯ ಥಿಯೇಟರುಗಳು ಒಂದೊಂದಾಗಿ ಆರುತ್ತಿವೆ. ಕೊರೋನಾ, ಮೊಬೈಲು, ಟಿಕೆಟ್ ದರ, ಕಾರಣ ನೂರಿರಬಹುದು. ಆದರೆ ಬಾಲ್ಕನಿ ಖಾಲಿಯಾದದ್ದಕ್ಕೆ ಆ ನೂರರಲ್ಲಿ ಒಂದು ಕಾರಣ ನಮ್ಮ ಕೈಯಲ್ಲೇ ಇದೆ.

ದಸರಾಕ್ಕೆ ಚಿತ್ರಗಳಿಗೇನೂ ಬರವಿಲ್ಲ. 2021ರಲ್ಲಿ 'ಸಲಗ', 'ಕೋಟಿಗೊಬ್ಬ 3', 2023ರಲ್ಲಿ 'ಘೋಸ್ಟ್', 2024ರಲ್ಲಿ 'ಮಾರ್ಟಿನ್'. 2022ರ ನವರಾತ್ರಿಯಲ್ಲಿ ಬಂದ 'ಕಾಂತಾರ'ಕ್ಕೆ ಏನಾಯ್ತು ನೆನಪಿದೆಯೇ? ವರ್ಷಗಟ್ಟಲೆ ಥಿಯೇಟರ್ ಮೆಟ್ಟಿಲು ಹತ್ತದ ಅಜ್ಜಿ-ತಾತಂದಿರು ಮೊಮ್ಮಕ್ಕಳ ಕೈ ಹಿಡಿದು ಬಂದರು. ಅದರ ಪೂರ್ವಕಥೆಯ ಭಾಗ 2025ರ ವಿಜಯದಶಮಿಯಂದೇ, ಅಕ್ಟೋಬರ್ 2ಕ್ಕೆ ತೆರೆಗೆ ಬಂತು. ಮನೆಮಂದಿ ಬಂದರೆ ಚಿತ್ರ ವಾರಗಟ್ಟಲೆ ನಿಲ್ಲುತ್ತೆ. ನಾವು ಮಾತ್ರ ಬಂದರೆ ಮೊದಲ ದಿನದ ಹಾಲಿನ ಅಭಿಷೇಕ, ಮೂರನೇ ದಿನ ಖಾಲಿ ಕುರ್ಚಿ. ನಮ್ಮ ನೆಚ್ಚಿನ ನಾಯಕನಿಗೆ ಯಾವುದು ಬೇಕು, ನೀವೇ ಹೇಳಿ.

ಶಿಳ್ಳೆ ಬಿಡಿ ಅಂತ ನಾನು ಹೇಳೋಲ್ಲ ಸ್ವಾಮಿ. ಶಿಳ್ಳೆಯಿಲ್ಲದ ಸಿನಿಮಾ ಉಪ್ಪಿಲ್ಲದ ಸಾರು! ಹೀರೋ ಎಂಟ್ರಿಗೆ ಹೊಡೀರಿ, ಕಾಗದ ಹಾರಿಸಿ. ಮುಂದೆ ಮಗು ಕೂತಿದ್ದರೆ ಮಾತ್ರ ನೀವೂ ಕೂತ್ಕೊಳ್ಳಿ. ಪಕ್ಕದ ಸೀಟಿನಲ್ಲಿ ಹೆಣ್ಣುಮಕ್ಕಳಿದ್ದರೆ ಬಾಯಿಗೆ ಬೀಗವಿರಲಿ. ಗೇಟಿನ ನೂಕಾಟದಲ್ಲಿ ಅಜ್ಜಿಯೊಬ್ಬರು ಕಂಡರೆ ನಾಲ್ಕು ಜನ ಸೇರಿ ದಾರಿ ಮಾಡಿ.

750 ಕಿಲೋ ಹೊತ್ತ ಆನೆ ಹೆಜ್ಜೆ ತಪ್ಪದೆ ನಡೆಯುತ್ತೆ. ಕುಣಿತದ ಅಮಲಿನಲ್ಲಿರೋ ಹುಲಿ ಒಂದು ಮಗುವಿಗಾಗಿ ಮಂಡಿಯೂರುತ್ತೆ. ನಾವು ಒಂದು ಸೀಟು ಬಿಟ್ಟುಕೊಡಲಾರೆವೇ? ಬರೋ ದಸರಾಕ್ಕೆ ಟಿಕೆಟ್ ತಗೊಳ್ಳುವಾಗ ಕೌಂಟರಿನಲ್ಲಿ ಒಂದು ಬೆರಳು ತೋರಿಸಬೇಡಿ. ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಬೆರಳು ತೋರಿಸಿ!